ಪಾಲಕವಿಕಲ್ಪ, ಅಥವಾ ನಾಟ್ಯದ ಹನ್ನೆರಡನೆಯ ಅಂಗ

ನಾಟ್ಯಕ್ಕೆ ಅಂಗಗಳು ಹನ್ನೊಂದು ಎಂದು ಭರತಮುನಿ ಆರನೆಯ ಅಧ್ಯಾಯದಲ್ಲಿ ಲೆಕ್ಕ ಒಪ್ಪಿಸಿದ್ದಾನೆ: ರಸ, ಭಾವ, ಅಭಿನಯ, ಧರ್ಮಿ, ವೃತ್ತಿ, ಪ್ರವೃತ್ತಿ, ಸಿದ್ಧಿ, ಸ್ವರ, ಆತೋದ್ಯ, ಗಾನ, ರಂಗ. ಮುನಿ ಬಾದಾಮಿ ತಾಲ್ಲೂಕಿನ ಯಾವುದಾದರೊಂದು ಶಾಲೆಯ ಗ್ಯಾದರಿಂಗ್ ನೋಡಿದ್ದರೆ ಪಟ್ಟಿ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಮೂರನೆಯ ಸಾಲಿನ ಕುರ್ಚಿಯ ತುದಿಗೆ ಕೂತು, ವೇದಿಕೆಯ ಮೇಲಿನ ಹುಡುಗನಿಗಿಂತ ಅರ್ಧ ಮಾತ್ರೆ ಮುಂಚೆ ತುಟಿ ಅಲ್ಲಾಡಿಸುವ ಆ ಪ್ರಾಣಿಯನ್ನು ಯಾವ ಅಂಗಕ್ಕೆ ಸೇರಿಸುವುದು? ನಟ ಎನ್ನೋಣವೆಂದರೆ ಬಣ್ಣ ಹಚ್ಚಿಲ್ಲ. ಪ್ರೇಕ್ಷಕ ಎನ್ನೋಣವೆಂದರೆ ಇಡೀ ನಾಟಕದಲ್ಲಿ ಒಂದೇ ಪಾತ್ರ ಕಣ್ಣಿಗೆ ಬೀಳುತ್ತಿದೆ. ಪ್ರಾಶ್ನಿಕ, ಅಂದರೆ ತೀರ್ಪುಗಾರ, ಎನ್ನೋಣವೆಂದರೆ ತೀರ್ಪನ್ನು ಮನೆಯಲ್ಲೇ ಬರೆದು ತಂದಾಗಿದೆ. ಹೀಗೆ ಎಲ್ಲಿಯೂ ಸಲ್ಲದೆ ಎಲ್ಲದರಲ್ಲೂ ಕೈ ಹಾಕುವ ಈ ತತ್ತ್ವಕ್ಕೆ ನಮ್ಮ ಸೀಮೆಯಲ್ಲಿ ಪಾಲಕ ಎನ್ನುತ್ತಾರೆ. ಪಾಲಕನೇ ನಾಟ್ಯದ ಹನ್ನೆರಡನೆಯ ಅಂಗ ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ಪ್ರಮಾಣಕ್ಕೆ ದೂರ ಹೋಗಬೇಕಿಲ್ಲ. ಮಹಾಕೂಟದ ಸುತ್ತಮುತ್ತಲೇ ಸಿಗುತ್ತದೆ. ಈ ಸೀಮೆಯ ಆದಿನಟ ವಾತಾಪಿ. ಬಾದಾಮಿಗೆ ಅವನದೇ ಹೆಸರು. ಅಣ್ಣ ಇಲ್ವಲ ಅವನಿಗೆ ಟಗರಿನ ವೇಷ ಕೊಟ್ಟು, ಕಡಿದು, ಅಡಿಗೆ ಮಾಡಿ, ಅತಿಥಿಗೆ ಬಡಿಸಿ, ಊಟವಾದ ಮೇಲೆ ಹೆಸರು ಹಿಡಿದು ಕೂಗುತ್ತಿದ್ದ. ತಮ್ಮ ಅತಿಥಿಯ ಹೊಟ್ಟೆ ಸೀಳಿಕೊಂಡು ರಂಗಪ್ರವೇಶ ಮಾಡುತ್ತಿದ್ದ. ಪ್ರಯೋಗ ಎಷ್ಟೋ ಸಲ ಯಶಸ್ವಿಯಾಯಿತು. ಅಗಸ್ತ್ಯನ ಮುಂದೆ ಮಾತ್ರ ಎಷ್ಟು ಕೂಗಿದರೂ ಹುಡುಗ ಹೊರಗೆ ಬರಲಿಲ್ಲ. ಋಷಿ ಜೀರ್ಣಿಸಿಕೊಂಡಿದ್ದ ಎಂಬುದು ಪುರಾಣದ ವಿವರಣೆ. ಪರದೆಯ ಸಂದಿಯಿಂದ ಮಗನನ್ನು ಕರೆಕರೆದು ಬೆವೆತವರಿಗೆ ನಿಜ ಸಂಗತಿ ಗೊತ್ತು. ಆಮೇಲೆ ಇಲ್ವಲ ಅಗಸ್ತ್ಯನ ಮುಂದೆ ಕೈ ಹೊಸೆಯುತ್ತ ಹೇಳಿದ್ದು ಈ ಮಾತೇ ಇರಬೇಕು: “ಮನ್ಯಾಗ ಭಾಳ ಚೊಲೊ ಮಾಡತಿದ್ದರಿ.”

ಎರಡನೆಯದು ಶಾಸನಪ್ರಮಾಣ. ಮಹಾಕೂಟೇಶ್ವರನ ಗುಡಿಯಲ್ಲಿ ಚಾಲುಕ್ಯ ವಿಜಯಾದಿತ್ಯನ (696–733) ಕಾಲದ ಕನ್ನಡ ಶಾಸನವೊಂದಿದೆ. ಅರಸನ ಪ್ರಾಣವಲ್ಲಭೆ ವಿನಾಪೋಟಿ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟದ್ದನ್ನು ಅದು ಹೇಳುತ್ತದೆ. ಕೊಟ್ಟವಳು ವಿನಾಪೋಟಿ. ಆದರೆ ಕಲ್ಲಿನ ಮೇಲೆ ಅವಳ ತಾಯಿ ಕುಚಿಪೋಟಿಯೂ ಇದ್ದಾಳೆ, ಅಜ್ಜಿ ರೇವಮಂಚಳೂ ಇದ್ದಾಳೆ. ಮಗಳ ಹೆಸರು ಎಲ್ಲಿ ಬಂದರೂ ಅವ್ವನ ಹೆಸರು ಹಿಂದೆಯೇ ಬಂದು ಕೂಡುವ ಪದ್ಧತಿ ಹ್ಯಾಂಡ್‌ಬಿಲ್ಲಿಗಿಂತ ಹಳೆಯದೆಂದು ಇದರಿಂದ ಸಿದ್ಧ. ಇದೇ ಮಹಾಕೂಟದಲ್ಲಿದ್ದ ಮಂಗಲೇಶನ ಕಂಬಶಾಸನ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಊರಿನ ಪ್ರತಿಭೆಯನ್ನು ಜಿಲ್ಲಾ ಕೇಂದ್ರದವರು ಎತ್ತಿಕೊಂಡು ಹೋಗುತ್ತಾರೆಂಬ ಪಾಲಕರ ದೂರಿಗೆ ಇಷ್ಟು ತೂಕದ ಸಾಕ್ಷಿ ಬೇರೆಲ್ಲೂ ಸಿಗದು.

ಇನ್ನು ಪಾತ್ರಹಂಚಿಕೆ. ಇಲ್ಲಿ ಭರತನೇ ನಮಗೆ ಸಿಕ್ಕಿಬೀಳುತ್ತಾನೆ. ಬ್ರಹ್ಮ ನಾಟ್ಯವೇದ ಕೊಟ್ಟದ್ದೇ ತಡ, ಮುನಿ ಪಾರ್ಟು ಹಂಚಿದ್ದು ಯಾರಿಗೆ? ತನ್ನ ನೂರು ಮಕ್ಕಳಿಗೆ. ಮೊದಲ ಅಧ್ಯಾಯದಲ್ಲಿ ಒಬ್ಬೊಬ್ಬರ ಹೆಸರನ್ನೂ ಬಿಡದೆ ಬರೆದಿದ್ದಾನೆ. ಗ್ಯಾದರಿಂಗಿನ ನಾಟಕದಲ್ಲಿ ಮಾಸ್ತರರ ಮಗನಿಗೇ ರಾಜನ ಪಾರ್ಟು ಎಂದು ಗೊಣಗುವವರು ಈ ಅಧ್ಯಾಯವನ್ನು ಓದಿ ಸುಮ್ಮನಾಗಬೇಕು. ಅದು ಪಕ್ಷಪಾತವಲ್ಲ, ಪರಂಪರೆ. ಆ ಮೊದಲ ಪ್ರಯೋಗ ಇಂದ್ರಧ್ವಜದ ಹಬ್ಬದಲ್ಲಿ ನಡೆಯಿತು. ದೇವತೆಗಳು ದೈತ್ಯರನ್ನು ಸೋಲಿಸಿದ ಕತೆ. ಸೋಲುವ ಪಕ್ಷದವರಿಗೆ ಸಿಟ್ಟು ಬಂತು. ವಿರೂಪಾಕ್ಷನನ್ನು ಮುಂದೆ ಮಾಡಿಕೊಂಡ ವಿಘ್ನರು ನಟರ ಮಾತು, ನಡೆ, ನೆನಪು ಮೂರನ್ನೂ ಸ್ತಂಭನ ಮಾಡಿಬಿಟ್ಟರು. ನಮ್ಮ ಮಟ್ಟಿಗೆ ಇದೇ ಜಗತ್ತಿನ ಮೊದಲ ಪಾಲಕರ ಸಭೆ. ಇಂದ್ರ ಜರ್ಜರದ ಕೋಲಿನಿಂದ ಬಾರಿಸಿ ನೋಡಿದ. ಕೊನೆಗೆ ಬ್ರಹ್ಮನೇ ಬಂದು, ನಾಟಕವೆಂದರೆ ಒಬ್ಬರದಲ್ಲ, ಮೂರು ಲೋಕದ್ದು ಎಂದು ಸಮಾಧಾನ ಹೇಳಬೇಕಾಯಿತು.

ಬ್ರಹ್ಮನ ಆ ಕೆಲಸ ಈಗ ಹೆಡ್‌ಮಾಸ್ತರರ ಪಾಲಿನದು. ಕಿತ್ತೂರು ಚನ್ನಮ್ಮನ ನಾಟಕವೆನ್ನಿ. ಚನ್ನಮ್ಮನ ಪಾರ್ಟಿಗೆ ತಕರಾರಿಲ್ಲ: ಇಳಕಲ್ ಸೀರೆಯ ಕಚ್ಚೆ, ಗುಳೇದಗುಡ್ಡದ ಖಣದ ಕುಪ್ಪಸ, ರಟ್ಟಿಗೆ ಬೇಗಡೆ ಕಾಗದ ಸುತ್ತಿದ ಖಡ್ಗ, ಎಲ್ಲ ಮನೆಯಲ್ಲೇ ಸಿದ್ಧ. ತಕರಾರು ಬರುವುದು ಕಲೆಕ್ಟರ್ ಥ್ಯಾಕರೆಯ ಮನೆಯಿಂದ.

“ಸರ, ನಮ್ಮ ಹುಡುಗಗ ಥ್ಯಾಕರೆ ಪಾರ್ಟ್ ಕೊಟ್ಟೀರಂತಲ್ರಿ?”

“ಹೌದ್ರಿ. ಕೆಂಪಗ ಅದಾನ, ಎತ್ತರ ಅದಾನ, ಇಂಗ್ಲಿಷ್ನೂ ಪಟಪಟ ಒಗೀತಾನ.”

“ಅದೆಲ್ಲಾ ಖರೇರಿ. ಆದ್ರ ಅವನ್ನ ಅರ್ಧಕ್ಕ ಸಾಯಸ್ತೀರಿ. ಅವರಜ್ಜಿ ನೋಡಾಕ ಬರಾಕಿ ಅದಾಳ.”

“ಅಮಟೂರ ಬಾಳಪ್ಪನ ಗುಂಡು 1824ರಾಗ ಹತ್ತೈತ್ರಿ. ಅದಕ್ಕ ನಾ ಏನ್ ಮಾಡ್ಲಿ?”

“ಗಾಯ ಆಗ್ಲಿ ಸರ. ಸಾಯೂದು ಬ್ಯಾಡ.”

ಇಂಥ ಸಂಧಾನಗಳ ಫಲವಾಗಿ ನಮ್ಮ ಭಾಗದ ಶಾಲೆಗಳಲ್ಲಿ ಥ್ಯಾಕರೆ ಗುಂಡು ತಗುಲಿದ ಮೇಲೂ ಒಂದು ಪುಟದಷ್ಟು ಮಾತಾಡಿ ಸಾಯುತ್ತಾನೆ. ಸತ್ತ ಮೇಲೆ ಅಜ್ಜಿ ವೇದಿಕೆ ಹತ್ತಿ, ಬಾಡಿಗೆಗೆ ತಂದ ಬ್ಯಾಂಡ್‌ಸೆಟ್ಟಿನವರ ಕೆಂಪು ಕೋಟಿಗೆ ಐವತ್ತರ ನೋಟು ಪಿನ್ನು ಚುಚ್ಚಿ ಆಹೇರಿ ಮಾಡುತ್ತಾಳೆ. ಕಂಪನಿ ಸರಕಾರದ ಹೆಣ ಎದ್ದು ಅಜ್ಜಿಯ ಕಾಲಿಗೆ ಬಿದ್ದು ಮತ್ತೆ ಮಲಗುತ್ತದೆ. ಇತಿಹಾಸಕಾರರು ಇದನ್ನು ಗಮನಿಸಿದಂತಿಲ್ಲ.

ಪಾತ್ರಧಾರಿಗಳನ್ನು ಭರತ ಮೂರು ಬಗೆ ಮಾಡುತ್ತಾನೆ. ವಯಸ್ಸು, ಲಿಂಗಕ್ಕೆ ಒಪ್ಪಿದರೆ ಅನುರೂಪ. ಹುಡುಗ ಮುದುಕನಾದರೆ, ಮುದುಕ ಹುಡುಗನಾದರೆ ವಿರೂಪ. ಗಂಡು ಹೆಣ್ಣಾದರೆ, ಹೆಣ್ಣು ಗಂಡಾದರೆ ರೂಪಾನುರೂಪ. ಪಾಲಕರಿಗೂ ಇದು ಸಲ್ಲುತ್ತದೆ. ಅನುರೂಪರು ವಿರಳ, ಅವರನ್ನು ಬಿಡೋಣ. ರೂಪಾನುರೂಪದಲ್ಲಿ ಅಪ್ಪ ಮಗಳ ಜಡೆ ಹೆಣೆದು ಕುಚ್ಚು ಕಟ್ಟುತ್ತಾನೆ, ಅಷ್ಟೆ. ವಿಸ್ತಾರವಿರುವುದು ವಿರೂಪದಲ್ಲಿ. ತಾನು ಹದಿನಾರರಲ್ಲಿದ್ದಾಗ ಕೈತಪ್ಪಿದ ಪಾರ್ಟನ್ನು ನಲವತ್ತಾರರಲ್ಲಿ ಮಗನ ಬಾಯಿಂದ ಆಡಿಸುವವನು ವಿರೂಪ ಪಾಲಕ. ರೊಟ್ಟಿ ಬಡಿಯುತ್ತ ಮಗಳ ಮಾತು ಒಪ್ಪಿಸಿಕೊಳ್ಳುವ ಅವ್ವನೂ ಇದೇ ವರ್ಗ. ಮೂರನೆಯ ದಿನಕ್ಕೆ ಮಾತು ಅವ್ವನಿಗೆ ಪೂರ್ತಿ ಬಾಯಿಪಾಠ, ಮಗಳಿಗೆ ಅರ್ಧ. ತಾಲೀಮಿನ ಕೊನೆಯ ವಾರದಲ್ಲಿ ಇಂಥ ಮನೆಗಳಲ್ಲಿ ಹಾಲು ಹಾಕುವವನಿಗೂ ಉತ್ತರ ಬರುವುದು ಕಂಪನಿ ನಾಟಕದ ಧಾಟಿಯಲ್ಲಿ.

ರೋಗದ ಮೂಲ ಬನಶಂಕರಿ. ಬನದ ಹುಣ್ಣಿಮೆಯ ತೇರು ಎಳೆದ ಮೇಲೆ ಚೊಳಚಗುಡ್ಡದ ಬಯಲಿನಲ್ಲಿ ವೃತ್ತಿ ಕಂಪನಿಗಳ ಡೇರೆಗಳು ವಾರಗಟ್ಟಲೆ ನಿಲ್ಲುತ್ತವೆ. ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಕೊನೆಯ ಆಟಕ್ಕೆ ಹೋಗಿ, ಬೆಳಗಿನ ಜಾವ ಅದನ್ನು ಮೂಟೆಯಂತೆ ಹೊತ್ತು ತಂದವನೇ, ಅದು ಪಿಯುಸಿ ಮುಗಿಸಿ “ನಾ ನಾಟಕ ಕಲೀತೀನಿ” ಎಂದಾಗ “ಇದೆಲ್ಲಿಂದ ಹತ್ತಿತು ನಿನಗ?” ಎಂದು ಕೇಳುತ್ತಾನೆ. ಕಾರ್ಯಕಾರಣ ಸಂಬಂಧವನ್ನು ನಿರಾಕರಿಸುವ ಇಂಥ ದಾರ್ಶನಿಕ ಧೈರ್ಯ ಚಾರ್ವಾಕರಿಗೂ ಇರಲಿಲ್ಲ. ಮಗಳಾದರೆ ಸೋದರತ್ತೆ ನಡುವೆ ಬಂದು, ನಮ್ಮ ಸೀಮೆಯ ಹೆಣ್ಣುಮಕ್ಕಳು ನಾಟಕಕ್ಕೆ ಹೋದದ್ದುಂಟೇ ಎನ್ನುತ್ತಾಳೆ. ಇದೇ ಜಿಲ್ಲೆಯ ಬೀಳಗಿಯ ಅಕ್ಕತಂಗಿಯರಲ್ಲಿ ಗೋಹರ್‌ಬಾಯಿ ಬಾಲಗಂಧರ್ವರ ಕಂಪನಿ ಸೇರಿದ್ದು, ಅಮೀರ್‌ಬಾಯಿ 1943ರ ‘ಕಿಸ್ಮತ್’ ಸಿನಿಮಾಕ್ಕೆ ಹಾಡಿದ್ದು ಅತ್ತೆಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೇ ಆ ಮಾತು.

ಮುಂದಿನದು ಸಂದರ್ಶನಕಾಂಡ. ತೀರ್ಥಕ್ಷೇತ್ರಗಳು ಹಲವು: 1980ರಿಂದ ರಂಗಶಿಕ್ಷಣ ಕೊಡುತ್ತಿರುವ ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣ, ಸಾಣೇಹಳ್ಳಿಯ ರಂಗಶಾಲೆ, ಎಲ್ಲಕ್ಕೂ ಆಚೆ ದಿಲ್ಲಿಯ ಎನ್‌ಎಸ್‌ಡಿ. ಮೈಸೂರಿಗಾದರೆ ಗೋಳಗುಮ್ಮಟ ಎಕ್ಸ್‌ಪ್ರೆಸ್ ಬಾದಾಮಿಯಲ್ಲೇ ಹತ್ತಿಸಿಕೊಳ್ಳುತ್ತದೆ. ಹೆಗ್ಗೋಡಿಗೆ ಹುಬ್ಬಳ್ಳಿ, ಸಾಗರ ಹಾಯ್ದು ಹೋಗಬೇಕು. ಕಟಕರೊಟ್ಟಿ, ಶೇಂಗಾ ಹಿಂಡಿಯ ಗಂಟು ಮಲೆನಾಡಿನ ಮಳೆಗೆ ಮೆತ್ತಗಾಗುತ್ತದೆ. ಎನ್‌ಎಸ್‌ಡಿ ಪದವಿಯ ಜೊತೆ ನಾಟಕದ ಅನುಭವವನ್ನೂ ಕೇಳುತ್ತದೆ ಎಂದು ತಿಳಿದಾಗ ಅಪ್ಪ ಟ್ರಂಕು ತೆಗೆದು ಪ್ರತಿಭಾ ಕಾರಂಜಿಯ ಕ್ಲಸ್ಟರ್ ಮಟ್ಟದ ಛದ್ಮವೇಷದ ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಮಾಡಿಸುತ್ತಾನೆ. ಎರಡನೆಯ ಇಯತ್ತೆಯಲ್ಲಿ ಬಸವಣ್ಣನಾದದ್ದು ಅನುಭವವಲ್ಲವೇ? ಅಂದು ಮೀಸೆ ಉದುರಿತ್ತು ಎಂಬುದನ್ನು ಅರ್ಜಿಯಲ್ಲಿ ಬರೆಯುವುದಿಲ್ಲ.

ಸಂದರ್ಶನದ ಕೋಣೆಯೊಳಗೆ ಹುಡುಗನಿಗೆ ಕೇಳುವುದು ಒಂದೇ ಪ್ರಶ್ನೆ: ನಾಟಕ ಯಾಕೆ ಬೇಕು? ಹೊರಗೆ ಕಿಟಕಿಯ ಪಕ್ಕ ಅಪ್ಪ ನಿಂತಿರುತ್ತಾನೆ. ಹುಡುಗ ಯೋಚನೆ ಮಾಡುತ್ತ ಸುಮ್ಮನಿದ್ದರೆ ಉತ್ತರ ಕಿಟಕಿಯಿಂದ ಬರುತ್ತದೆ. ಎಲ್ಲ ಮುಗಿದ ಮೇಲೆ ಅಪ್ಪ ಒಳಗೆ ಇಣುಕಿ ತನ್ನದೊಂದು ಪ್ರಶ್ನೆ ಹಾಕುತ್ತಾನೆ: “ಇದರಾಗ ನೌಕರಿ ಹೆಂಗ್ರೀ?” ನಾಟ್ಯಶಾಸ್ತ್ರದ ಕೊನೆಯ ಅಧ್ಯಾಯದಲ್ಲಿ ಭರತಪುತ್ರರಿಗೆ ಋಷಿಗಳ ಶಾಪ ತಟ್ಟಿ ಅಂತಸ್ತು ಹೋದ ಕತೆಯಿದೆ. ಅಪ್ಪ ಅದನ್ನು ಓದಿಲ್ಲ, ಆದರೂ ಸಾರಾಂಶ ಬಲ್ಲ.

ಇಲ್ಲಿ ಪೂರ್ವಪಕ್ಷಿಯೊಬ್ಬ ಏಳುತ್ತಾನೆ. ಬಿ.ವಿ. ಕಾರಂತರು ಮನೆಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದವರು; ಯಾವ ಪಾಲಕನೂ ರೊಟ್ಟಿ ಕಟ್ಟಿಕೊಂಡು ಹಿಂದೆ ಹೋಗಲಿಲ್ಲ; ಆದರೂ 1977ರಲ್ಲಿ ಎನ್‌ಎಸ್‌ಡಿಗೇ ನಿರ್ದೇಶಕರಾದರು. ಎಂದ ಮೇಲೆ ಹನ್ನೆರಡನೆಯ ಅಂಗವೇಕೆ? ಸಮಾಧಾನ: ಓಡಿಹೋಗಬೇಕಾದರೆ ಮೊದಲು ತಡೆಯುವವರೊಬ್ಬರು ಬೇಕು. ತಡೆಯುವವರಿಲ್ಲದೆ ಹೊರಟರೆ ಅದಕ್ಕೆ ಪ್ರವಾಸ ಎನ್ನುತ್ತಾರೆ. ಅದೇ ಗುಬ್ಬಿ ಕಂಪನಿಯಲ್ಲಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ತಾವು ಪಾರ್ಟು ಮಾಡುತ್ತ ಮಗ ಮುತ್ತುರಾಜನನ್ನೂ ರಂಗಕ್ಕೆ ತಂದರು. ಮಗ ರಾಜ್‌ಕುಮಾರ್ ಆದದ್ದು ಎಲ್ಲರಿಗೂ ಗೊತ್ತು. ಒಬ್ಬರ ಮಟ್ಟಿಗೆ ಮನೆ ಹಿಂದೆ ಉಳಿಯಿತು, ಇನ್ನೊಬ್ಬರ ಮಟ್ಟಿಗೆ ಮನೆಯೇ ಮುಂದೆ ನಡೆಯಿತು. ಅಂಗವಂತೂ ಇದ್ದೇ ಇತ್ತು. ಕಾರಂತರ ಆತ್ಮಕಥನಕ್ಕೆ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಎಂದು ಹೆಸರು. ಆಯ್ಕೆ ನಡೆಯುವ ಕಟ್ಟಡದ ಗೇಟಿನಲ್ಲಿ ನಿಂತ ಅಪ್ಪನ ಸ್ಥಿತಿಗೆ ಬೇರೆ ಲಕ್ಷಣವಾಕ್ಯ ಬರೆಯುವ ಶ್ರಮ ಉಳಿಯಿತು.

ಈಚೆಗೆ ಈ ಅಂಗದಲ್ಲಿ ಒಂದು ಪರಿಣಾಮ ಕಂಡುಬಂದಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡು ತಪ್ಪಿತು. ಅಂದಿನಿಂದ ಮಕ್ಕಳ ಸಂಗಡ ಅವ್ವಂದಿರೇ ಹೊರಡುತ್ತಾರೆ, ಪ್ರಯೋಗಗಳಿಗೂ ಅವರೇ. ಒಂದು ವರ್ಷ ಕಲಿತು ಬಂದ ಹುಡುಗನೊಬ್ಬನ ನಾಟಕ. ನಮ್ಮ ಹಳೆಯ ಥ್ಯಾಕರೆಯೇ. ರಂಗದ ನಡುವೆ ಅವನು ಮೌನವಾಗಿ ನಿಲ್ಲಬೇಕು. ನಿರ್ದೇಶಕರು ತಿಂಗಳುಗಟ್ಟಲೆ ತಿದ್ದಿ ತೀಡಿದ ಮೌನ ಅದು. ಅರ್ಧ ನಿಮಿಷ ಆಗಿರಬಹುದು. ಮೂರನೆಯ ಸಾಲಿನಿಂದ ಅವ್ವನ ಪಿಸುಮಾತು ಬಂತು, ಇಡೀ ಸಭಾಂಗಣಕ್ಕೆ ಕೇಳುವಂತೆ: “ಕಪ್ಪ ಕೊಡ್ತೀಯೋ ಇಲ್ಲೋ ಅನ್ನೋ ತಮ್ಮಾ!” ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಿರ್ದೇಶಕರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಆ ಮಾತನ್ನು ಪ್ರತಿಯಲ್ಲಿ ಬರೆದುಕೊಂಡು, ಉಳಿದ ಪ್ರಯೋಗಗಳಿಗೂ ಅವ್ವ ಬರಲಿ ಎಂದರು. ಅವ್ವನ ಬಸ್ಸಿಗೆ ಖರ್ಚಿಲ್ಲ. ಅಪ್ಪನೂ ಬರುತ್ತೇನೆನ್ನುತ್ತಿದ್ದಾನೆ, ಅವನ ಟಿಕೆಟ್ಟು ಯಾರ ಲೆಕ್ಕಕ್ಕೆ ಎಂಬುದು ತಂಡದಲ್ಲಿ ಇನ್ನೂ ಚರ್ಚೆಯಲ್ಲಿದೆ.