ಕಂಬ ಎಲ್ಲಿ ಸ್ವಾಮಿ?

(ವಾಷಿಂಗ್ಟನ್, 2025. ಸರ್ಕಾರಿ ಕಚೇರಿಯ ಮೇಜಿನ ಮೇಲೆ ಹೊಸ ಕೋರ್ಟ್ ಕಟ್ಟಡದ ನಕ್ಷೆ.)

ಅಧಿಕಾರಿ: ಕಂಬಗಳೇ ಕಾಣ್ತಿಲ್ಲವಲ್ಲ ಸ್ವಾಮಿ?

ವಾಸ್ತುಶಿಲ್ಪಿ: ಭಾರ ಹೊರೋಕೆ ಗೋಡೆಗಳೇ ಸಾಕು ಸಾರ್.

ಅಧಿಕಾರಿ: ಕಂಬ ಹೊರಬೇಕಾದ್ದು ಛಾವಣಿಯನ್ನಲ್ಲ, ಆದೇಶವನ್ನು! ಆಗಸ್ಟ್‌ನಲ್ಲಿ ಟ್ರಂಪ್ ಸಾಹೇಬರು ಸಹಿ ಹಾಕಿದ್ದಾರೆ. ಗ್ರೀಕ್-ರೋಮನ್ ಶೈಲಿಗೇ ಮೊದಲ ಮಣೆ.

ವಾಸ್ತುಶಿಲ್ಪಿ: ಸರ್ಕಾರಕ್ಕೊಂದು ಅಧಿಕೃತ ಶೈಲಿಯೇ ಕೂಡದು ಅಂತ 1962ರ ಮಾರ್ಗಸೂಚಿ ಹೇಳಿತ್ತಲ್ಲ?

ಅಧಿಕಾರಿ: ಅದು ಬಹಳ ಹಳೇದಾಯ್ತು. ನಮಗೆ ಎರಡು ಸಾವಿರ ವರ್ಷ ಹಳೇದೇ ಬೇಕು.

ವಾಸ್ತುಶಿಲ್ಪಿ: 2020ರಲ್ಲೂ ಇಂಥದ್ದೇ ಆದೇಶ ಬಂದಿತ್ತು, 2021ರಲ್ಲಿ ಬೈಡನ್ ರದ್ದು ಮಾಡಿದರು. ಮುಂದೆ ಬರೋರು ಇದನ್ನೂ ರದ್ದು ಮಾಡಿದರೆ?

ಅಧಿಕಾರಿ: ಅದಕ್ಕೇ ಹೇಳೋದು, ಕಂಬಗಳಿಗೆ ನಟ್ಟು-ಬೋಲ್ಟು ಹಾಕಿ. ಚುನಾವಣೆಗೊಮ್ಮೆ ಬಿಚ್ಚೋಕೆ ಸಲೀಸು!