ಯಾರೂ ಮಾತಾಡ್ತಿರಲಿಲ್ಲವಲ್ಲ!

ನಮ್ಮ ಮನೆಗೂ ಪಕ್ಕದ ಮೇಷ್ಟ್ರ ಮನೆಗೂ ನಡುವೆ ಎದೆಮಟ್ಟದ ಒಂದು ಕಾಂಪೌಂಡು. ಆ ಕಡೆಯಿಂದ ಅದರ ಮೇಲೆ ಕಾಫಿ ಲೋಟ ಬಂದು ಕೂತರೆ, ಈ ಕಡೆಯಿಂದ ನಾನು ಪೇಪರು ಇಡುತ್ತೇನೆ. ಮೊನ್ನೆ ಭಾನುವಾರ ಲೋಟ ಬರಲಿಲ್ಲ. ಮೇಷ್ಟ್ರು ನಂದಬಟ್ಟಲು ಕೀಳುತ್ತಾ ನನಗೆ ಬೆನ್ನು ಹಾಕಿ ನಿಂತಿದ್ದರು.

"ಏನ್ ಮೇಷ್ಟ್ರೇ, ಕಾಫಿ ಆಗಲಿಲ್ವೆ?"

"ಮಾತಾಡಬಾರದು ಅಂದಿದ್ರಲ್ಲ ನೀವು. ರೂಢಿ ಮಾಡ್ಕೋತಿದ್ದೀನಿ."

ಹಿಂದಿನ ರಾತ್ರಿಯ ಸಿಟ್ಟು. ಅವರ ಮನೆ ಟಿವಿ ಕೆಟ್ಟಿತ್ತು, ನಮ್ಮಲ್ಲಿ 'ಶೋಲೆ' ಬರುತ್ತಿತ್ತು, ದಂಪತಿಗಳಿಬ್ಬರೂ ಊಟ ಮುಗಿಸಿ ಬಂದಿದ್ದರು. ಗಬ್ಬರ್ ಅಬ್ಬರಿಸುವಾಗ, ಬಸಂತಿ ವಟಗುಟ್ಟುವಾಗ ಮೇಷ್ಟ್ರು ಪಿಟಕ್ಕೆನ್ನಲಿಲ್ಲ. ಅದೊಂದು ದೃಶ್ಯ ಬಂತು ನೋಡಿ. ಸಂಜೆಗತ್ತಲು. ಅಮಿತಾಭ್ ಕೆಳಗೆ ಮೆಟ್ಟಿಲ ಮೇಲೆ ಕೂತು ಮೌತ್ ಆರ್ಗನ್ ನುಡಿಸುತ್ತಿದ್ದಾನೆ. ಮೇಲೆ ಜಗಲಿಯಲ್ಲಿ ಬಿಳಿಸೀರೆಯ ಜಯಾ ಭಾದುರಿ ದೀಪ ಸಣ್ಣ ಮಾಡುತ್ತಾ ಬರುತ್ತಿದ್ದಾಳೆ. ಇಬ್ಬರೂ ಒಂದಕ್ಷರ ಆಡುವುದಿಲ್ಲ. ಸರಿಯಾಗಿ ಆಗಲೇ ಮೇಷ್ಟ್ರು, "ಈ ಬಂಡೆಗಳೆಲ್ಲ ನಮ್ಮ ರಾಮನಗರದ್ದೇ ಅಲ್ವೇನ್ರೀ? ನಮ್ಮ ಷಡ್ಡಕನ ಮನೆ ಅಲ್ಲೇ ಇರೋದು" ಎಂದು ಶುರು ಹಚ್ಚಿಕೊಂಡರು. ನನ್ನ ಬಾಯಿಂದ "ಶ್!" ಎಂದು ಬಂದೇಬಿಟ್ಟಿತು. ಸ್ವಲ್ಪ ಜೋರಾಗಿಯೇ ಬಂತು. ನಮ್ಮ ಮನೆಯವಳು ನನ್ನನ್ನು ಕೆಕ್ಕರಿಸಿ ನೋಡಿದಳು.

"ಅಲ್ಲಾ ರೀ," ಎಂದರು ಮೇಷ್ಟ್ರು ಈಗ, ಹೂವಿನ ಬುಟ್ಟಿ ಸಮೇತ ಕಾಂಪೌಂಡಿನ ಹತ್ತಿರ ಬಂದು. "ಯಾರೂ ಮಾತಾಡ್ತಿರಲಿಲ್ಲವಲ್ಲ! ಅದಕ್ಕೇ ತಾನೆ ನಾನು ಮಾತಾಡಿದ್ದು?"

ಈ ಮಾತಿಗೆ ಉತ್ತರ ಕೊಡುವುದು ಕಷ್ಟ. ನಮ್ಮ ಜನ ಸಿನಿಮಾದಲ್ಲಿ ಮಾತು ನಿಂತ ಕೂಡಲೇ, ಸರಿ, ಈಗ ನಮ್ಮ ಸರದಿ ಅಂದುಕೊಳ್ಳುತ್ತಾರೆ. ಮಗುವಿಗೆ ಬಾಟ್ಲಿ ಕೊಡುವುದು ಆಗ, ಚಿಪ್ಸ್ ಪೊಟ್ಟಣ ಹರಿಯುವುದು ಆಗ, "ನಾಳೆ ಗ್ಯಾಸ್ ಬುಕ್ ಮಾಡಬೇಕು ಕಣ್ರೀ" ಅನ್ನುವುದೂ ಆಗಲೇ. ನನ್ನಂಥವನಿಗೆ ಸಿನಿಮಾ ಶುರುವಾಗುವುದೇ ಅಲ್ಲಿಂದ. ಹಾಡಿನ ಹುಚ್ಚಿನವರನ್ನು ಲೋಕ ರಸಿಕರು ಅನ್ನುತ್ತದೆ. ಹಿನ್ನೆಲೆ ಸಂಗೀತದ ಹುಚ್ಚಿನವನನ್ನು ಬರೀ ಹುಚ್ಚ ಅನ್ನುತ್ತದೆ. ಗುನುಗಿದರೂ ಯಾರಿಗೂ ಗುರುತು ಸಿಗದ ಸರಕು ನನ್ನದು.

"ಆ ದೀಪದ ದೃಶ್ಯಗಳಿಗೆ ಎಷ್ಟು ದಿನ ಹಿಡೀತು ಗೊತ್ತಾ ಮೇಷ್ಟ್ರೇ? ಬೆಳಕು ಹೊಂದಿಸೋಕಾಗದೆ 20 ದಿನ ತಗೊಂಡರಂತೆ. ಆ ಮೌತ್ ಆರ್ಗನ್ ಅಮಿತಾಭ್ ನುಡಿಸಿದ್ದಲ್ಲ, ಭಾನು ಗುಪ್ತಾ ಅಂತ, ಆರ್.ಡಿ. ಬರ್ಮನ್ ತಂಡದವರು. ಇಷ್ಟು ಜನ ಕಷ್ಟಪಟ್ಟಿರೋದು ನಿಮ್ಮ ಷಡ್ಡಕನ ಮನೆ ವಿಳಾಸ ತಿಳ್ಕೊಳ್ಳೋಕಲ್ಲ."

ಮೇಷ್ಟ್ರು ನಕ್ಕರು. ಕಾಫಿ ಬಂತು. "ಆಯ್ತಪ್ಪ, ಈ ರೋಗ ನಿಮಗೆ ಎಲ್ಲಿ ಅಂಟಿತು, ಅದನ್ನಾದರೂ ಹೇಳಿ."

ಅಂಟಿದ್ದು ಟೆಂಟ್ ಸಿನಿಮಾದಿಂದ. ನಮ್ಮೂರಿನಲ್ಲಿ ಟೂರಿಂಗ್ ಟಾಕೀಸು ಬಂದು ಊರಿಕೊಳ್ಳುತ್ತಿದ್ದುದು ನಮ್ಮ ಹಿತ್ತಲಿನಾಚೆಯ ಬಯಲಲ್ಲಿ. ಘಂಟಸಾಲರ ವೆಂಕಟೇಶನ ಹಾಡು ಹಾಕಿದರೆಂದರೆ ಟಿಕೇಟು ಕೊಡಲು ಶುರುವಾಯಿತೆಂದೇ ಲೆಕ್ಕ. ಅಪ್ಪ ತಿಂಗಳಿಗೆ ಒಂದು ಸಿನಿಮಾಕ್ಕೆ ಮಾತ್ರ ಕಾಸು ಕೊಡುತ್ತಿದ್ದುದು. ಮಿಕ್ಕವನ್ನೆಲ್ಲ ನಾನು ಹಾಸಿಗೆಯಲ್ಲಿ ಮಲಗಿ ಕೇಳಿದೆ. ಟೆಂಟಿನ ಬಟ್ಟೆ ಯಾವ ಸದ್ದನ್ನು ತಡೆಯುತ್ತೆ? ಎರಡನೇ ಆಟ ಪೂರ್ತಿ ನಮ್ಮ ನಡುಮನೆಯಲ್ಲೇ ನಡೆಯುತ್ತಿತ್ತು. ಮಾತು ಮಾತ್ರ ಅಷ್ಟು ದೂರದಿಂದ ಕಲಸಿಹೋಗಿ ಯಾರು ಏನೆಂದರೋ ತಿಳಿಯುತ್ತಿರಲಿಲ್ಲ. ಸಂಗೀತ ಸ್ಪಷ್ಟ. ಮೊದಲ ರಾತ್ರಿ ತಲೆಬುಡ ತಿಳಿಯದು. ಮೂರನೇ ರಾತ್ರಿಗೆ, ಈ ಪಿಟೀಲು ಎದ್ದಿತೆಂದರೆ ಯಾರೋ ಓಡಿಬರುತ್ತಾರೆ, ಈ ಡೋಲು ಬಿತ್ತೆಂದರೆ ಹೊಡೆದಾಟ, ಕೊಳಲು ಒಂಟಿಯಾಗಿ ಬಂತೆಂದರೆ ತಾಯಿಯೇ ಇರಬೇಕು ಅಂತ ನನ್ನದೇ ಒಂದು ಸಿನಿಮಾ ಕಟ್ಟಿಕೊಂಡಿರುತ್ತಿದ್ದೆ.

ಒಮ್ಮೆ ಹಾಗೆ ಆರು ರಾತ್ರಿ ಕೇಳಿದ ಚಿತ್ರವೊಂದರಲ್ಲಿ ಖಳನಾಯಕನಿಗೆಂದೇ ಒಂದು ಸದ್ದಿತ್ತು. ತಗ್ಗಿನಲ್ಲಿ ತುತ್ತೂರಿ, ಅದರ ಕೆಳಗೆ ಗುಡುಗಿನಂಥದ್ದೇನೋ. ಬಂದಾಗಲೆಲ್ಲ ಕಂಬಳಿ ಮುಖದ ಮೇಲೆ ಎಳೆದುಕೊಳ್ಳುತ್ತಿದ್ದೆ. ಏಳನೇ ದಿನ ಅಪ್ಪ ಕಾಸು ಕೊಟ್ಟರು. ಹೋಗಿ ನೆಲದ ಮೇಲೆ, ಮರಳು ಗುಪ್ಪೆ ಮಾಡಿಕೊಂಡು ಕೂತೆ. ಆ ತುತ್ತೂರಿ ಬಂತು. ಪರದೆಯ ಮೇಲೆ ಬಂದವನು ನಮ್ಮೂರ ಪೋಸ್ಟ್‌ಮನ್‌ನಷ್ಟು ನರಪೇತಲ, ಮೇಲೊಂದು ಚೌಕಳಿ ಅಂಗಿ. ಅಷ್ಟೆತ್ತರದ ರಾಕ್ಷಸನನ್ನು ಆ ಸಂಗೀತದವನು ಈ ಕಡ್ಡಿಯಿಂದ ಹೇಗೆ ತೆಗೆದ ಎಂದು ಅವತ್ತು ಬೆರಗಾದವನು ಇವತ್ತಿಗೂ ಚೇತರಿಸಿಕೊಂಡಿಲ್ಲ.

ಅದೇ ಟೆಂಟಿನಲ್ಲಿ 'ಸನಾದಿ ಅಪ್ಪಣ್ಣ' ಬಂತು. ಚಿತ್ರ 1977ರದ್ದು, ನಮ್ಮೂರಿಗೆ ಡಬ್ಬಿ ತಲುಪುವಾಗ ತಡವಾಗಿತ್ತು. ರಾಜಕುಮಾರ್ ಕೈಯಲ್ಲಿನ ಶಹನಾಯಿಗೆ ಉಸಿರು ಕೊಟ್ಟವರು ಉಸ್ತಾದ್ ಬಿಸ್ಮಿಲ್ಲಾ ಖಾನ್, ಸಂಗೀತ ಜಿ.ಕೆ. ವೆಂಕಟೇಶ್ ಅವರದ್ದು. ಇದೆಲ್ಲ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅವತ್ತು ಹಾಸಿಗೆಯಲ್ಲಿ ಕೇಳಿದ್ದು ಸದ್ದು ಮಾತ್ರ. ಒಳಗೆ ಮಲಗಿದ್ದ ಅಜ್ಜಿ ಎದ್ದು ಕೂತು, "ಯಾರ ಮನೆ ಮದುವೆಯೋ, ಇಷ್ಟು ರಾತ್ರೀಲಿ?" ಎಂದು ಕೇಳಿದರು. ಶಹನಾಯಿಗೆ ನಮ್ಮಲ್ಲಿ ಇಂಥ ಇಬ್ಬಂದಿ ಇದೆ. ಮದುವೆ ಮನೆಯಲ್ಲಿ ಅದು ಮಂಗಳವಾದ್ಯ, ಸಿನಿಮಾದಲ್ಲಿ ಅದೇ ಬಂತೆಂದರೆ ಯಾರೋ ಹೋದರೆಂದೇ ಅರ್ಥ. ಎಷ್ಟು ಸಂಗೀತ ನಿರ್ದೇಶಕರು ಎಷ್ಟು ಮಂದಿಯನ್ನು ಹೀಗೆ ಅಳಿಸಿದರೆಂದರೆ, ನಮ್ಮ ತಂಗಿಯ ಮದುವೆಯಲ್ಲಿ ಕ್ಯಾಸೆಟ್ಟಿನ ಶಹನಾಯಿ ಹಾಕಿದಾಗ ಧಾರೆಗೆ ಮುಂಚೆಯೇ ನನ್ನ ಕಣ್ಣು ತೇವವಾಗಿತ್ತು. ಎಲ್ಲರೂ ಅಣ್ಣನ ಪ್ರೀತಿ ಅಂದುಕೊಂಡರು, ನಾನೂ ತಿದ್ದಲಿಲ್ಲ.

"ಸರಿ, ಆದರೆ ಇದರಲ್ಲಿ ಕಲೆ ಏನು ಬಂತು?" ಎಂದರು ಮೇಷ್ಟ್ರು. ಅವರು ಗಣಿತದವರು. "ಅಳೋ ಜಾಗಕ್ಕೆ ಶಹನಾಯಿ, ಹೊಡೆಯೋ ಜಾಗಕ್ಕೆ ಡೋಲು. ಕೋಷ್ಟಕ ಕೊಟ್ಟರೆ ನಾನೂ ಹಾಕ್ತೀನಿ."

ಕೋಷ್ಟಕದಿಂದಲೇ ಬದುಕುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಧಾರಾವಾಹಿಗಳಲ್ಲಿ ಅತ್ತೆ ತಿರುಗಿ ನೋಡಿದರೆ ಮೂರು ಸಲ ಸಿಡಿಲು ಹೊಡೆಯುತ್ತದಲ್ಲ, ಅದಕ್ಕೆ ಕೋಷ್ಟಕವೂ ಬೇಡ, ಒಂದು ಗುಂಡಿ ಸಾಕು. ಆದರೆ ಮೇಷ್ಟ್ರ ಬಾಯಿಗೆ ಬೀಗ ಹಾಕಲು ನನ್ನ ಹತ್ತಿರ ಲೆಕ್ಕವೊಂದಿತ್ತು.

"ಒಂದು ಲೆಕ್ಕ ಹೇಳ್ತೀನಿ, ಮಾಡಿ. ಫಿಲಂ ಸೆಕೆಂಡಿಗೆ 24 ಚೌಕಟ್ಟು ಓಡುತ್ತೆ. 35 ಎಂಎಂ ಫಿಲಂ ಒಂದು ಅಡಿಗೆ 16 ಚೌಕಟ್ಟು. ಸಾವಿರ ಅಡಿಯ ರೀಲು ಎಷ್ಟು ಹೊತ್ತು?"

ಮೇಷ್ಟ್ರ ಕಣ್ಣು ಹೊಳೆಯಿತು. ಬೆರಳು ಕಾಂಪೌಂಡಿನ ಮೇಲೆ ಆಡಿತು. "ಸೆಕೆಂಡಿಗೆ ಒಂದೂವರೆ ಅಡಿ. ನಿಮಿಷಕ್ಕೆ 90. ಹನ್ನೊಂದು ನಿಮಿಷ, ಆರು ಚಿಲ್ಲರೆ ಸೆಕೆಂಡು."

"ಈಗ ಆ ರೀಲಿನಲ್ಲಿ ನಾಯಕಿ ಪತ್ರ ಓದ್ತಾಳೆ ಅನ್ನಿ. ಓದಿ ಮುಗಿಸಿ ತಲೆ ಎತ್ತೋದಕ್ಕೆ 14 ಸೆಕೆಂಡು. ಅಷ್ಟರೊಳಗೆ ಪಿಟೀಲು ಶುರುವಾಗಬೇಕು, ಏರಬೇಕು, ಅವಳು ತಲೆ ಎತ್ತೋ ಕ್ಷಣಕ್ಕೆ ನಿಲ್ಲಬೇಕು. ಅರ್ಧ ಸೆಕೆಂಡು ಮುಂಚೆ ನಿಂತರೆ ಅವಳು ನಟಿ, ಅರ್ಧ ಸೆಕೆಂಡು ತಡವಾದರೆ ನಾವು ಪ್ರೇಕ್ಷಕರು. ಸರಿಯಾಗಿ ನಿಂತರೆ ಮಾತ್ರ ಅಳು."

ಇದೇ ರೀ-ರೆಕಾರ್ಡಿಂಗು. ಆಗೆಲ್ಲ ನಮ್ಮ ಕನ್ನಡ ಚಿತ್ರಗಳ ಈ ಕೆಲಸ ಹೆಚ್ಚಾಗಿ ಮದರಾಸಿನಲ್ಲೇ ನಡೆಯುತ್ತಿತ್ತು. ಪರದೆಯ ಮೇಲೆ ರೀಲು ಓಡಿಸಿ, ಎದುರಿಗೆ ವಾದ್ಯದವರನ್ನು ಕೂರಿಸಿಕೊಂಡು, ಸ್ವರ ಬರೆದುಕೊಟ್ಟು ನುಡಿಸುವುದು. ಜಿ.ಕೆ. ವೆಂಕಟೇಶ್ ಹತ್ತಿರ ಸಹಾಯಕನಾಗಿ ಪಳಗಿದ ಹುಡುಗನೊಬ್ಬ ಮುಂದೆ ಇಳಯರಾಜ ಆದ. ಶಂಕರ್‌ನಾಗ್‌ರ 'ಗೀತಾ' (1981) ಆತನದ್ದು, ಮಣಿರತ್ನಂರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' (1983) ಆತನದ್ದು. ಎರಡರಲ್ಲೂ ಹಾಡನ್ನು ಬಿಟ್ಟು ನೋಡಿ ಎಂದರೆ ಜನ ನನ್ನನ್ನು, ಹೋಳಿಗೆಯ ಹೂರಣ ಬಿಟ್ಟು ಕಣಕ ತಿನ್ನಿ ಅಂದವನಂತೆ ನೋಡುತ್ತಾರೆ.

ಹೋಗಲಿ, ಹೂರಣವೇ ಇಲ್ಲದ ಕಡೆಗೆ ಬನ್ನಿ. 'ಸಂಸ್ಕಾರ'ಕ್ಕೆ (1970) ಸಂಗೀತ ಮಾಡಿದವರು ಸರೋದ್ ವಾದಕ ರಾಜೀವ ತಾರಾನಾಥ್. ಕಾಸರವಳ್ಳಿಯವರ 'ಘಟಶ್ರಾದ್ಧ' (1977) ನೋಡಿ ಹೊರಬರುವಾಗ ಯಾರಾದರೂ ಹಾಡು ಗುನುಗಿಕೊಂಡು ಬಂದದ್ದುಂಟೆ? ಆದರೂ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಆ ಚಿತ್ರದ ಬಿ.ವಿ. ಕಾರಂತರಿಗೆ ಬಂತು. ಕಾರಂತರು ನಾಟಕದವರು. ಏನಿಲ್ಲದಿದ್ದರೂ ಸದ್ದು ಹುಟ್ಟಿಸಬಲ್ಲವರು. 'ಚೋಮನ ದುಡಿ'ಯಲ್ಲಿ ಆ ದುಡಿ ಕಥೆಯ ಒಳಗೇ ಇದೆ, ಹೊರಗಿನಿಂದ ತಂದು ಮೆತ್ತಿದ್ದಲ್ಲ. ಚೋಮ ಬಾಯಿಬಿಟ್ಟು ಹೇಳಲಾಗದ್ದನ್ನು ಅದರ ಮೇಲೆ ಬಡಿಯುತ್ತಾನೆ. ಅದನ್ನು ನೋಡಿದ ಮೇಲೆ ನೂರು ಪಿಟೀಲು ಒಟ್ಟಿಗೆ ಅತ್ತರೆ ನನಗೆ ಸ್ವಲ್ಪ ಗುಮಾನಿ. ಈಚೆಗೆ 'ಕಾಂತಾರ'ದಲ್ಲಿ ಅಜನೀಶ್ ಲೋಕನಾಥ್ ಕೊನೆಯ ಇಪ್ಪತ್ತು ನಿಮಿಷ ಥಿಯೇಟರನ್ನು ನಡುಗಿಸಿದಾಗ ಮಾತ್ರ ಗುಮಾನಿ ಮರೆತು ನಾನೂ ಸೀಟಿನ ಕೈ ಗಟ್ಟಿಯಾಗಿ ಹಿಡಿದಿದ್ದೆ.

"ಇಂಗ್ಲಿಷ್ ಚಿತ್ರದವರು?" ಎಂದು ಮೇಷ್ಟ್ರು ಕೇಳಿದ್ದೇ ತಪ್ಪಾಯಿತು. 'ಸೈಕೋ' (1960) ಹೇಳಿದೆ. ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಅಂದಿದ್ದರಂತೆ ಹಿಚ್‌ಕಾಕ್. ಬರ್ನಾರ್ಡ್ ಹರ್ಮನ್ ಮಾತು ಕೇಳದೆ ಬರೆದು ತಂದ, ಬರೀ ತಂತಿವಾದ್ಯದ್ದು. ಕೇಳಿದ ಮೇಲೆ ಹಿಚ್‌ಕಾಕ್ ತಮ್ಮ ಮಾತು ವಾಪಸ್ ತೆಗೆದುಕೊಂಡರು. ಇಟಲಿಯ ಎನ್ನಿಯೋ ಮೊರಿಕೋನೆಯದು ಇನ್ನೂ ಸ್ವಾರಸ್ಯ. 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್'ಗೆ ಚಿತ್ರೀಕರಣಕ್ಕೆ ಮುಂಚೆಯೇ ಆತ ಸಂಗೀತ ಮಾಡಿಟ್ಟ. ನಿರ್ದೇಶಕ ಅದನ್ನು ಸೆಟ್ಟಿನಲ್ಲಿ ಹಾಕಿ ನಟರನ್ನು ನಡೆಸಿದ. ಅಂದರೆ ಮೇಷ್ಟ್ರೇ, ಅಲ್ಲಿ ಸಂಗೀತ ಹಿನ್ನೆಲೆಯಲ್ಲಿ ಇರಲೇ ಇಲ್ಲ, ನಟರೇ ಅದರ ಹಿಂದೆ ಹೋದದ್ದು. ಇಷ್ಟು ಹೇಳುವಷ್ಟರಲ್ಲಿ ಕಾಫಿ ಆರಿತ್ತು. ಮೇಷ್ಟ್ರ ಮನೆಯವರು ಎರಡು ಸಲ ಬಂದು ಇಣುಕಿ ಹೋದರು.

ಈ ಹುಚ್ಚಿನ ಕಷ್ಟ ಇನ್ನೊಂದಿದೆ. ಹಾಡಿನ ಕ್ಯಾಸೆಟ್ಟು ಅಂಗಡಿಯಲ್ಲಿ ಸಿಗುತ್ತಿತ್ತು, ಇದು ಸಿಗುತ್ತಿರಲಿಲ್ಲ. ಬೇಕೆಂದರೆ ನಾವೇ ಹಿಡಿಯಬೇಕು. 1986ರ ಸುಮಾರಿಗೆ ದೂರದರ್ಶನದಲ್ಲಿ 'ಮಾಲ್ಗುಡಿ ಡೇಸ್' ಬರುವಾಗ ಅಪ್ಪನಿಗೆ ಬೆಂಗಳೂರಿಗೆ ವರ್ಗವಾಗಿತ್ತು, ಮನೆಗೆ ಕಪ್ಪುಬಿಳುಪು ಟಿವಿ ಬಂದಿತ್ತು. ಆರ್.ಕೆ. ಲಕ್ಷ್ಮಣ್‌ರ ಗೆರೆಚಿತ್ರ, ಆಗುಂಬೆಯ ಬೀದಿ, ಎಲ್. ವೈದ್ಯನಾಥನ್‌ರ ಆ ಶುರುವಿನ ಸಂಗೀತ. ಟೇಪ್‌ರೆಕಾರ್ಡರನ್ನು ಸ್ಟೂಲಿನ ಮೇಲಿಟ್ಟು, ಟಿವಿಯ ಬಾಯಿಗೆ ಅಂಟಿಸಿ, ಎರಡು ಗುಂಡಿ ಒಟ್ಟಿಗೆ ಒತ್ತಿ, ಉಸಿರು ಬಿಗಿಹಿಡಿದು ಕೂತೆ. ಮನೆಮಂದಿಗೆಲ್ಲ ಮೊದಲೇ ಎಚ್ಚರಿಕೆ ಕೊಟ್ಟಿದ್ದೆ. ಸಂಗೀತ ಅರ್ಧ ಆಗಿತ್ತೋ ಇಲ್ಲವೋ, ಅಡುಗೆಮನೆಯಿಂದ ಅಮ್ಮನ ದನಿ: "ಹಾಲು ನೋಡೋ!"

ಮುಂದಿನ ವಾರ ಮತ್ತೆ ಹಿಡಿದೆ. ಆ ಸಲ ಕರೆಂಟು ಹೋಯಿತು. ಅದರ ಮುಂದಿನ ವಾರ ಪರೀಕ್ಷೆ. ಹಾಗಾಗಿ ನನ್ನ ಹತ್ತಿರ ಉಳಿದದ್ದು ಹಾಲಿನದ್ದೇ.

ಮೇಷ್ಟ್ರು ಆ ಕ್ಯಾಸೆಟ್ಟು ನೋಡಬೇಕೆಂದರು. ಸಂಜೆ ಅಟ್ಟದಿಂದ ಇಳಿಸಿದೆ. ಸುರುಳಿ ಸಡಿಲವಾಗಿತ್ತು. ಮೇಷ್ಟ್ರು ಜೇಬಿನ ಪೆನ್ಸಿಲನ್ನು ಹಲ್ಲಿನ ತೂತಿಗೆ ತೂರಿಸಿ ಲೆಕ್ಕ ಬಿಡಿಸುವಷ್ಟೇ ತಾಳ್ಮೆಯಿಂದ ಸುತ್ತಿದರು. ಅವರ ಮನೆಯ ಹಳೆಯ ಟೂ-ಇನ್-ಒನ್ ಕಾಂಪೌಂಡಿನ ಮೇಲೆ ಬಂದು ಕೂತಿತು. ಒತ್ತಿದೆವು. ಮೊದಲು ಬರೀ ಸರಸರ. ಆಮೇಲೆ ಎಲ್ಲೋ ಬಾವಿಯೊಳಗಿಂದ ಬರುವಂತೆ ಆ ಸಂಗೀತ. ಫೋನಿನಲ್ಲಿ ಇದೇ ಈಗ ಶುದ್ಧವಾಗಿ ಸಿಗುತ್ತದೆ, ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆದರೆ ಒಂದು ಜಾಗ ಬಂದಾಗ ಅದು ನನಗೆ ಖಾಲಿಖಾಲಿ ಅನ್ನಿಸುತ್ತದೆ, ಒಂದು ವಾದ್ಯ ಕಮ್ಮಿ ಬಿದ್ದ ಹಾಗೆ.

"ಹಾಲು ನೋಡೋ!" ಎಂದಳು ಅಮ್ಮ.

ಮೇಷ್ಟ್ರು ತಲೆ ಎತ್ತಲಿಲ್ಲ, ಮಾತೂ ಆಡಲಿಲ್ಲ. ಸಂಗೀತ ಮುಗಿದು ಮತ್ತೆ ಸರಸರ ಆಗುವವರೆಗೆ ಹಾಗೇ ಕೂತಿದ್ದರು. ಆಮೇಲೆ ಗುಂಡಿ ಒತ್ತಿ ನಿಲ್ಲಿಸಿ, "ಹಾಲು ಉಕ್ಕಿತೇನ್ರೀ?" ಎಂದು ಕೇಳಿದರು.

"ಉಕ್ಕಿತು ಮೇಷ್ಟ್ರೇ. ನಾನು ಏಳಲಿಲ್ಲ."