ಕವಚಮೂರ್ತಿ

ಭಾನುವಾರ ಬೆಳಗ್ಗೆ ಐದಕ್ಕೆ ಏಳಲು ನನಗೆ ಅಲಾರಂ ಬೇಕಿಲ್ಲ. ಮೇಲ್ಮನೆಯಿಂದ ‘ಚರ್ರ್’ ಎಂದು ವೆಲ್ಕ್ರೋ ಕಿತ್ತು ಬರುವ ಸದ್ದು ಕೇಳಿತೋ, ಕವಚಮೂರ್ತಿ ವೇಷ ಕಟ್ಟಲು ಕೂತ ಎಂದೇ ಲೆಕ್ಕ. ಸೊಂಟಕ್ಕೆರಡು ಚರ್ರ್, ಬೂಟಿಗೆರಡು, ಮಣಿಕಟ್ಟಿಗೊಂದೊಂದು. ಎಲ್ಲ ಮುಗಿಸಿ ಅವನು ಧಡಧಡ ಮೆಟ್ಟಿಲಿಳಿಯುವ ಹೊತ್ತಿಗೆ ನಮ್ಮ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. ಅವನ ತಾಯಿ ಕುಂದಾಪುರದವರು, ಯಕ್ಷಗಾನವನ್ನೂ ಅದರ ವೇಷ ಕಟ್ಟುವ ಚೌಕಿಯನ್ನೂ ನೋಡಿ ಬೆಳೆದವರು. “ಇವ ಚೌಕಿಯಿಂದ ಹೊರ್ಗ್ ಬಪ್ಪುಕೆ ಒಂದ್ ತಾಸ್ ಬೇಕ್” ಎಂದು ಬಾಲ್ಕನಿಯಿಂದಲೇ ಬೀದಿಗೆಲ್ಲ ಸಾರುತ್ತಾರೆ. ಮಗ ಹೊರಟಿರುವುದು ಲಡಾಖಿಗಲ್ಲ. ಬಿಡದಿಗೆ, ತಟ್ಟೆ ಇಡ್ಲಿ ತಿನ್ನಲು.

ಕವಚಮೂರ್ತಿ ನಾನಿಟ್ಟ ಹೆಸರು. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವನೊಬ್ಬ ಸಿಗುತ್ತಾನೆ. ವಯಸ್ಸು ನಲವತ್ತರ ಹೊಸ್ತಿಲು, ವಾರವೆಲ್ಲ ಕಂಪ್ಯೂಟರ್ ಮುಂದೆ, ಮನೆಸಾಲ ಅರ್ಧ ತೀರುವ ಮೊದಲೇ ಬೈಕಿನ ಸಾಲ. ಗಾಡಿ ಬಂದ ಮರುದಿನವೇ ಅದಕ್ಕೆ ತಕ್ಕ ಉಡುಪಿನ ಬೇಟೆ ಶುರುವಾಯಿತು. ಮೂರು ವರ್ಷವಾದರೂ ನಿಂತಿಲ್ಲ. “ಹೆಣ್ಣು ನೋಡೋಕೆ ಇಷ್ಟು ಅಲೆದಿರಲಿಲ್ಲ” ಎನ್ನುತ್ತಾಳೆ ಅವನ ಹೆಂಡತಿ. ಅದರಲ್ಲಿ ದೂರು ಎಷ್ಟು, ಹೆಮ್ಮೆ ಎಷ್ಟು ಎಂದು ನನಗೆ ಇನ್ನೂ ತಿಳಿದಿಲ್ಲ.

ತಪ್ಪು ಪೂರ್ತಿ ಅವನದೇ ಅಲ್ಲ. ನಾವೆಲ್ಲ ಸಡಿಲ ಬಟ್ಟೆಯ ವಂಶದವರು. ಯೂನಿಫಾರಂ ಹೊಲಿಸುವಾಗ “ಬೆಳೆಯೋ ಹುಡುಗ, ಎರಡಿಂಚು ಒಳಗೆ ಬಿಡಿ” ಎಂದು ಅಪ್ಪ ದರ್ಜಿಗೆ ಹೇಳುತ್ತಿದ್ದ ಕಾಲ ನಮ್ಮದು. ಚಪ್ಪಲಿ ಒಂದು ನಂಬರು ದೊಡ್ಡದು, ಸ್ವೆಟರು ಅಣ್ಣನದು. ಹಾಗಾಗಿ ಅವನು ಮೊದಲ ಹೆಲ್ಮೆಟ್ ಕೊಳ್ಳಲು ಹೊರಟಾಗ ತಾಯಿ ಹೇಳಿದ್ದೂ ಅದನ್ನೇ: “ಒಂದ್ ಸೈಜ್ ದೊಡ್ಡದೇ ತಕೋ ಮಗಾ.” ತೆಗೆದುಕೊಂಡ. ನೈಸ್ ರಸ್ತೆಯಲ್ಲಿ ಗಾಳಿ ಬೀಸಿದಾಗ ತಲೆ ಎಡಕ್ಕೆ ತಿರುಗಿತು, ಹೆಲ್ಮೆಟ್ ಮಾತ್ರ ನೆಟ್ಟಗೆ ಮುಂದಕ್ಕೇ ನೋಡುತ್ತಿತ್ತು. ಒಂದು ಕಣ್ಣಿಗೆ ರಸ್ತೆ, ಇನ್ನೊಂದಕ್ಕೆ ಸ್ಪಂಜು.

ಎರಡನೆಯ ಹೆಲ್ಮೆಟ್ಟಿಗೆ ಜೆ.ಸಿ. ರಸ್ತೆಗೆ ನನ್ನನ್ನೂ ಎಳೆದುಕೊಂಡು ಹೋದ. ಆ ಹೊತ್ತಿಗೆ ಶಾಸ್ತ್ರವನ್ನೆಲ್ಲ ಅರೆದು ಕುಡಿದಿದ್ದ. ಹುಬ್ಬಿನಿಂದ ಒಂದು ಬೆರಳು ಮೇಲೆ ಟೇಪು ಸುತ್ತಿ ಅಳೆಯಬೇಕು. ಅವನದು 58 ಸೆಂಟಿಮೀಟರ್. ಅಳತೆಯೊಂದೇ ಸಾಲದು, ತಲೆಯ ಆಕಾರವೂ ನೋಡಬೇಕು. ಕೆಲವರದು ಗುಂಡು, ಕೆಲವರದು ಮಾವಿನಕಾಯಿಯಂತೆ ಉದ್ದ. ಉದ್ದ ತಲೆಯವರು ಗುಂಡು ಹೆಲ್ಮೆಟ್ ಹಾಕಿದರೆ ಕಿವಿಯ ಹತ್ತಿರ ಸಡಿಲ, ಹಣೆಯ ನಡುವೆ ಒತ್ತಿ ಒತ್ತಿ ನೋವು. ಐ.ಎಸ್.ಐ. ಗುರುತು, ಅದರ ಕೆಳಗಿನ 4151 ಎಂಬ ಸಂಖ್ಯೆ ಎಲ್ಲವನ್ನೂ ಕನ್ನಡಕ ಏರಿಸಿ ಓದಿದ. ಅಂಗಡಿಯ ಹುಡುಗ ಒಂದನ್ನು ತಲೆಗೆ ತುರುಕಿ, ಗದ್ದ ಹಿಡಿದು ಅಲ್ಲಾಡಿಸಿದ. ಹೆಲ್ಮೆಟ್ ಜೊತೆ ಕೆನ್ನೆಯ ಚರ್ಮವೂ ಆಡಿತು. “ಇದೇ ಸಾರ್ ಫಿಟ್ಟಿಂಗು. ಒಳಗಿನ ಪ್ಯಾಡು ದಿನಾ ಹಾಕ್ತಾ ಹಾಕ್ತಾ ಲೂಸಾಗುತ್ತೆ, ಈಗ ಟೈಟೇ ಇರ್ಬೇಕು. ಕಾಲು ಗಂಟೆ ಹಾಕ್ಕೊಂಡು ಕೂತಿರಿ, ಎಲ್ಲಾದ್ರೂ ನೋವಾದ್ರೆ ಬೇರೆ ಕೊಡ್ತೀನಿ.” ಕೂತ. ಅಷ್ಟರಲ್ಲಿ ಕಾಫಿ ಬಂತು. ಹಲ್ಲಿನ ನಡುವೆ ಕೆನ್ನೆ ಸಿಕ್ಕಿಕೊಂಡ ಮೂರ್ತಿ “ನೀವು ಕುಡೀರಿ” ಎಂದದ್ದು “ವೀವು ವುಡೀವಿ” ಎಂದು ಕೇಳಿಸಿತು. ಎರಡು ಲೋಟ ನಾನೇ ಕುಡಿದೆ.

ಅಲ್ಲಿಗೆ ನಿಲ್ಲಿಸಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಜಾಕೆಟ್ ಬಾಕಿ ಇತ್ತು.

ಮಹಾಭಾರತದಲ್ಲಿ ಫಿಟ್ಟಿಂಗಿನ ಚಿಂತೆಯಿಲ್ಲದೆ ಬದುಕಿದವನು ಕರ್ಣನೊಬ್ಬನೇ. ಮೈ ಬೆಳೆದಂತೆ ಕವಚವೂ ಬೆಳೆಯಿತು. ಉಳಿದವರು ಟ್ರಯಲ್ ರೂಮಿಗೇ ಹೋಗಬೇಕು. ಜಾಕೆಟ್ಟಿನ ಭುಜ, ಮೊಣಕೈ, ಬೆನ್ನಿನ ಜಾಗಗಳಲ್ಲಿ ಪೆಟ್ಟು ತಡೆಯುವ ಪ್ಯಾಡು ಇರುತ್ತದಲ್ಲ, ಅದು ಬಿದ್ದಾಗ ಜರುಗದೆ ಅಲ್ಲೇ ನಿಂತರಷ್ಟೇ ಪ್ರಯೋಜನ. ಮೊಣಕೈ ಪ್ಯಾಡು ಮುಂಗೈಗೆ ಜಾರಿದ್ದರೆ ನೆಲ ಮೊದಲು ಮುಟ್ಟುವುದು ಮೊಣಕೈಯನ್ನೇ. ಇದೆಲ್ಲ ಮೂರ್ತಿಗೆ ಬಾಯಿಪಾಠ. ಆದರೆ ಆ ಅಂಗಡಿಯಲ್ಲಿ ಆಳೆತ್ತರದ ಕನ್ನಡಿ ಇತ್ತು.

ಮೂಲೆಯಲ್ಲಿ ಒಂದು ಹಳೇ ಬೈಕನ್ನೂ ನಿಲ್ಲಿಸಿದ್ದರು. ಹುಡುಗ ಅಂಗಲಾಚಿದ: “ಸಾರ್, ಇದನ್ನ ನಿಂತ್ಕೊಂಡು ನೋಡೋದಲ್ಲ. ಕೂತ್ಕೊಂಡು ಹ್ಯಾಂಡಲ್ ಹಿಡ್ದು ನೋಡ್ಬೇಕು.” ಅವನು ಆರಿಸಿ ಕೊಟ್ಟ ಜಾಕೆಟ್, ಪ್ಯಾಂಟು ತೊಟ್ಟು ನಿಂತರೆ ತೋಳು ಅಂಗೈವರೆಗೆ ಬರುತ್ತಿತ್ತು, ಪ್ಯಾಂಟಿನ ಮಂಡಿ ಪ್ಯಾಡು ನಿಜವಾದ ಮಂಡಿಗಿಂತ ಕೆಳಗೆ ಜೋತಾಡುತ್ತಿತ್ತು. ಅದೇ ಬೈಕಿನ ಮೇಲೆ ಕೂತು ಕೈ ಚಾಚಿದರೆ ತೋಳು ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತು, ಪ್ಯಾಡು ಮಂಡಿಯ ಮೇಲೆ ಚಿಪ್ಪಿನಂತೆ ಕೂತಿತು. ಮೂರ್ತಿ ಇಳಿದು ಕನ್ನಡಿ ನೋಡಿದ. ಅಣ್ಣನ ಅಂಗಿ ತೊಟ್ಟ ತಮ್ಮ ಕಂಡ. ಬೇಡವೆಂದ. ನಿಂತಾಗ ಎದೆಗೆ ಬಿಗಿದು, ಸೊಂಟಕ್ಕೆ ಸರಿಯಾಗಿ ನಿಲ್ಲುವ, ಸಿನಿಮಾ ಪೋಸ್ಟರಿನ ಅಳತೆಯ ಇನ್ನೊಂದನ್ನು ಆರಿಸಿದ. ಹುಡುಗ ನನ್ನ ಮುಖ ನೋಡಿದ. ನಾನು ಖಾಲಿ ಲೋಟ ನೋಡಿದೆ.

ಅವನ ಮಾವನವರು ಮೈಸೂರಿನವರು. ಯಾದವಗಿರಿಯ ಕಾರ್ಖಾನೆಯಲ್ಲಿ ಜಾವಾ ತಯಾರಾಗುತ್ತಿದ್ದ ಕಾಲದಲ್ಲಿ ಒಂದನ್ನು ಕೊಂಡು ಊರೂರು ಸುತ್ತಿದವರು. ತಲೆಗೆ ಮಂಕಿ ಕ್ಯಾಪು, ಎದೆಗೆ ಗಾಳಿ ಬಡಿಯದಂತೆ ಬನಿಯನ್ನಿನ ಮೇಲೆ ಹಿಂದಿನ ದಿನದ ಪೇಪರು. “ಪೇಪರು ಯಾವ ಎದೆಗೂ ಸರಿಹೋಗ್ತಿತ್ತು ಅಳಿಯಂದಿರೇ” ಎಂದು ಈಗಲೂ ನಗುತ್ತಾರೆ. ನಗುವಾಗ ಎಡ ಮೊಣಕೈಯ ಮೇಲಿನ ಉದ್ದ ಕಲೆ ಕಾಣುತ್ತದೆ. ಆ ಕಾಲವೇ ಚೆನ್ನಾಗಿತ್ತು ಎನ್ನುವವರು ಆ ಕಲೆಯನ್ನೊಮ್ಮೆ ನೋಡಬೇಕು.

ಹೊಸ ಜಾಕೆಟ್ಟಿನ ಮೊದಲ ಸವಾರಿಗೆ ನಾನೂ ಹಿಂದೆ ಕೂತಿದ್ದೆ. ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಹಿಮಾಲಯಕ್ಕೆ ಸಾಲುವಷ್ಟು ಸಜ್ಜಾದ ನಮ್ಮ ಯೋಧ ಸರ್ವೀಸ್ ರಸ್ತೆಯಲ್ಲಿ ಹಾಲಿನ ಕ್ಯಾನಿನ ಮೊಪೆಡ್ಡಿಗೆ ದಾರಿ ಬಿಡುತ್ತ ಸಾಗಿದ. ಕೈ ಚಾಚಿದ್ದರಿಂದ ತೋಳು ಗೇಣುದ್ದ ಹಿಂದೆ ಸರಿದು, ಗ್ಲೌಸಿಗೂ ಜಾಕೆಟ್ಟಿಗೂ ನಡುವೆ ಮಣಿಕಟ್ಟು ಬೆತ್ತಲೆ. ಅದರ ಮೇಲೆ ತಿರುಪತಿಯ ಕೆಂಪು ದಾರವೊಂದೇ ರಕ್ಷೆ. ಮೊಣಕೈ ಪ್ಯಾಡು ತೋಳಿನ ಮಾಂಸಖಂಡಕ್ಕೆ ಏರಿತ್ತು. ಬೆನ್ನಿನ ಅಂಚು ಮೇಲಕ್ಕೆದ್ದು ನನ್ನ ಕಣ್ಣೆದುರಿಗೆ ಕಂಡದ್ದೇನೆಂದು ಬರೆಯುವ ಪತ್ರಿಕೆ ಇದಲ್ಲ. ಇಡ್ಲಿ ಅಂಗಡಿಯಲ್ಲಿ ಇಳಿದು ನಿಂತನೋ ಇಲ್ಲವೋ, ಎಲ್ಲ ಸ್ವಸ್ಥಾನಕ್ಕೆ ಮರಳಿತು. ಹದಿನಾಲ್ಕು ಫೋಟೋ ತೆಗೆದೆ. ಒಂದರಲ್ಲೂ ಐಬಿಲ್ಲ.

ಈ ನಡುವೆ ಅವನ ಹೆಂಡತಿ, ದಿನಾ ಸ್ಕೂಟರಿನಲ್ಲಿ ಆಫೀಸಿಗೆ ಹೋಗುವವಳು, ಅದೇ ಅಂಗಡಿಗೆ ಒಬ್ಬಳೇ ಹೋದಳು. “ಲೇಡೀಸ್ ಜಾಕೆಟ್ ತೋರ್ಸಿ” ಎಂದದ್ದಕ್ಕೆ “ಜೆಂಟ್ಸ್ ಸ್ಮಾಲ್ ಇದೆ ಮೇಡಂ” ಎಂಬ ಉತ್ತರ ಬಂತಂತೆ. ಇಷ್ಟು ದೊಡ್ಡ ಊರಿನಲ್ಲಿ ಹೆಣ್ಣಿನ ಮೈ ಎಂದರೆ ಸಣ್ಣ ಗಂಡಸಿನ ಮೈ ಎಂದುಕೊಂಡ ಅಂಗಡಿಗಳು ಇನ್ನೂ ಇವೆ. ಇದು ನಗುವ ವಿಷಯವಲ್ಲ. ಮೂರನೆಯ ಅಂಗಡಿಯಲ್ಲಿ ಸಿಕ್ಕಿತು. ಯಾರೂ ಹೇಳದೆ ಅಲ್ಲಿನ ಬೈಕ್ ಹತ್ತಿ ಕೂತಳು, ಕೈ ಚಾಚಿದಳು, ಮಣಿಕಟ್ಟು ನೋಡಿದಳು, ದುಡ್ಡು ಕೊಟ್ಟಳು. ಕನ್ನಡಿಯ ಕಡೆ ತಿರುಗಲೇ ಇಲ್ಲ ಎಂದು ಮೂರ್ತಿ ಇಂದಿಗೂ ಆಶ್ಚರ್ಯಪಡುತ್ತಾನೆ.

ಹೋದ ತಿಂಗಳು ಅವನೂ ಹೋಗಿ ಕೂತೇ ನೋಡಿ ಇನ್ನೊಂದು ತಂದ. ಹಳೆಯದನ್ನು ಬಿಸಾಡಲು ಮನಸ್ಸಿಲ್ಲ, ಮನೆಯಲ್ಲಿಡಲು ತಾಯಿ ಬಿಡುತ್ತಿಲ್ಲ. ಹಾಗಾಗಿ ಅದು ನಮ್ಮ ಅಟ್ಟದಲ್ಲಿದೆ. ಕಪ್ಪು ಬಣ್ಣ, ಎದೆ 42, ಮಳೆಗೆ ಹಾಕುವ ಒಳಪದರ ಬಿಚ್ಚೇ ಇಲ್ಲ, ಎಡಜೇಬಿನ ಹತ್ತಿರ ಬಿಡದಿಯ ಚಟ್ನಿಯ ಸಣ್ಣ ಕಲೆ. ಅರ್ಧ ಬೆಲೆಗೆ ಕೊಡುತ್ತಾನಂತೆ. ನಿಂತುಕೊಂಡೇ ಬೈಕ್ ಓಡಿಸುವವರು ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.